ಕೈಯ ಬೆನ್ನು

ಶಿವಮೊಗ್ಗದ ಬಸ್‌ಸ್ಟ್ಯಾಂಡ್ ಹಿಂದೆ ಮಾರುತ್ತಿದ್ದವನು
ಎದೆ ಮುಟ್ಟಿಕೊಂಡು ಹೇಳಿದ್ದ:
ಎರಡೂ ಹೆಣ್ಣೇ ಸಾರ್, ನಮ್ಮವ್ವನಾಣೆ.
ಅವನ ಅವ್ವನಿಗೆ ಏನೂ ಆಗದಿರಲಿ.
ಹೆಣ್ಣೆಂದು ತಂದ ಕರಿಯನನ್ನು
ತಿಂಗಳೊಳಗೆ ಬೇರೆ ಗೂಡಿಗೆ ಹಾಕಿದೆವು.
ಅಷ್ಟರಲ್ಲಿ ತಡವಾಗಿತ್ತು.

ಬಿಳಿಯದರ ಹೆಸರು ಮಂಡಕ್ಕಿ. ಮಗಳು ಇಟ್ಟದ್ದು.
ದನದ ಡಾಕ್ಟರು ಅದರ ಹೊಟ್ಟೆಯನ್ನು
ಚೀಲದಲ್ಲಿ ಚಿಲ್ಲರೆ ಹುಡುಕುವವರಂತೆ ತಡವಿ
‘ಗೋಲಿಗಳಿವೆ’ ಎಂದರು.
‘ಮೂವತ್ತೊಂದು ದಿನ, ಎಣಿಸಿಕೊಳ್ಳಿ.
ನೀವು ಒತ್ತಿ ನೋಡೋದು ಬೇಡ.’

ನಾನು ಲೈನ್‌ಮನ್. ನನಗಿರುವುದೊಂದೇ ಪುಸ್ತಕ,
ಕರೆಂಟು ಹೋದ ಹೊತ್ತು, ಬಂದ ಹೊತ್ತು ಬರೆಯುವ ಡೈರಿ.
ನಗರ ರಸ್ತೆ ಫೀಡರ್, ಕೊಂಬೆ ಬಿದ್ದದ್ದು, ೪.೧೦.
ಮಂಡಕ್ಕಿ, ಹತ್ತೊಂಬತ್ತನೇ ದಿನ,
ಹಲಸಿನೆಲೆ ಬೇಡವಂತೆ, ಗರಿಕೆ ಸಾಕಂತೆ.

ಇಪ್ಪತ್ತೊಂಬತ್ತಕ್ಕೆ ಬಾಯ್ತುಂಬ ಒಣಹುಲ್ಲು ಕಚ್ಚಿ
ಹಳೇ ಕಾಲದ ದಫೇದಾರನ ಮೀಸೆಯಲ್ಲಿ ಓಡಾಡಿದಳು.
ನಾನು ಅಂಚು ಉಜ್ಜಿ ಕೊಟ್ಟ ಮೀಟರ್ ಪೆಟ್ಟಿಗೆಯನ್ನು
ಮೂರು ಸಲ ತುಂಬಿದಳು, ಮೂರು ಸಲ ಖಾಲಿ ಮಾಡಿದಳು.
ಕೊನೆಗೆ ತನ್ನ ಎದೆಯ ಕೂದಲನ್ನೇ
ಕಿತ್ತು ಕಿತ್ತು ಹಾಸತೊಡಗಿದಳು.
ಅಪ್ಪಾ, ನೋವಾಗಲ್ವಾ? ಮಗಳು ಅತ್ತಳು.
ಹಿಟ್ಟು ನಾದುತ್ತಿದ್ದ ಅವಳಮ್ಮ
ತಲೆ ಎತ್ತದೆ ಅಂದಳು:
ಆಗ್ತದೆ.

ಹೆತ್ತದ್ದು ಬೆಳಗಿನ ಜಾವ. ಯಾರೂ ನೋಡಲಿಲ್ಲ.
ಪೆಟ್ಟಿಗೆಯೊಳಗೆ ಒಂದು ಹಿಡಿ ಹತ್ತಿ,
ಅದು ಉಸಿರಾಡುತ್ತಿತ್ತು.
ಎಣಿಸಬೇಕು, ಸತ್ತದ್ದಿದ್ದರೆ ತೆಗೆಯಬೇಕು.
ಕೈ ಹಾಕಿದೆ. ಅಂಗೈಯಲ್ಲ, ಕೈಯ ಬೆನ್ನು.
ಕೆಲಸಕ್ಕೆ ಸೇರಿದ ಮೊದಲ ವಾರ ಗಾಮಣ್ಣ ಕಲಿಸಿದ್ದು:
ಸತ್ತ ತಂತಿಯಾದರೂ ಮೊದಲು ಕೈಬೆನ್ನಲ್ಲಿ ಮುಟ್ಟು.
ಅಂಗೈಲಿ ಮುಟ್ಟಿದೆಯೋ, ಕೈ ತಾನೇ ಮುಚ್ಚಿಕೊಳ್ತದೆ,
ಆಮೇಲೆ ಬಿಡು ಅಂದರೂ ಬಿಡಲ್ಲ.

ಆರು. ಸುಲಿದ ಗೆಣಸಿನ ಬಣ್ಣ, ಕಣ್ಣಿನ್ನೂ ಹೊಲಿದೇ ಇತ್ತು.
ನನ್ನ ಗೆಣ್ಣುಗಳಿಗೆ ಮೂತಿ ಒತ್ತಿ
ಹಾಲು ಹುಡುಕಿದವು.

ಮಂಡಕ್ಕಿ ದಿನವಿಡೀ ಆ ಕಡೆ ತಲೆ ಹಾಕಲಿಲ್ಲ.
ಬಿಟ್ಟೇಬಿಟ್ಟಳು ಪಾಪಿ, ಎನ್ನುತ್ತ
ಪಕ್ಕದ ಕ್ವಾರ್ಟರ್ಸಿನ ಫಿಲೋಮಿನಾಬಾಯಿ
ಶಾಯಿ ತುಂಬುವ ಫಿಲ್ಲರಿನಲ್ಲಿ ಹಾಲು ತಂದರು.
ಬೇಡ, ಎಂದರು ಡಾಕ್ಟರು ಫೋನಿನಲ್ಲಿ,
ದಿನಕ್ಕೊಂದು ಸಲ, ಮೂರೇ ನಿಮಿಷ, ಅಷ್ಟೇ ಅವಳ ಬಾಣಂತನ.
ನರಿಗೆ ಜಾಡು ಸಿಗಬಾರದು ನೋಡಿ,
ದೂರ ಕೂರುವುದೇ ಅವಳ ಕಾವಲು.
ಬೆಳಿಗ್ಗೆ ಹೊಟ್ಟೆ ನೋಡಿದೆ.
ತೆಳುಚರ್ಮದಡಿ ಬೆಳ್ಳಗೆ ಹಾಲು ಕಂಡಿತು, ಐದರಲ್ಲಿ.
ಆರನೆಯದು ಒಣದ್ರಾಕ್ಷಿಯ ಸುಕ್ಕು.

ಮಾಘದ ಚಳಿ. ಪೆಟ್ಟಿಗೆಯ ಪಕ್ಕ ನಲವತ್ತು ವ್ಯಾಟಿನ ಬಲ್ಬು.
ಮೂರನೇ ರಾತ್ರಿ ಫೋನು, ತಂತಿ ತುಂಡಾಗಿದೆ.
ಕಂಬದ ಬುಡದಲ್ಲಿ ನಿಂತು ಸ್ಟೇಷನ್ನಿಗೆ ನಾನೇ ಹೇಳಿದೆ:
ಲೈನ್ ತೆಗೀರಿ.
ಹತ್ತಿ ಅರ್ಧ ದಾರಿಯಲ್ಲಿ ಹೊಳೆಯಿತು,
ಅದು ನಮ್ಮ ಮನೆಯ ಲೈನೂ ಹೌದು.
ಮೇಲಿಂದ ಹೊಸನಗರ ಕಾಣಲಿಲ್ಲ.
ಎಲ್ಲಿರಬೇಕೋ ಅಲ್ಲಿ ಕತ್ತಲೆಯಿತ್ತು.
ಎರಡು ಗಂಟೆ ನಲವತ್ತು ನಿಮಿಷ.

ಮನೆಗೆ ಬಂದರೆ ಸುಗುಣ
ಅಡಿಗೆಮನೆ ಹೊಸಿಲ ಮೇಲೆ ಕೂತಿದ್ದಳು,
ರವಿಕೆಯೊಳಗೆ ಆರನೆಯದು.
ತಣ್ಣಗಾಗಿತ್ತು, ಅಂದಳು,
ತಣ್ಣಗಾದದ್ದೆಲ್ಲ ಸತ್ತದ್ದಲ್ಲ ಅಂದಿದ್ರಲ್ಲ ಡಾಕ್ಟ್ರು.
ಬೆಳಕು ಹರಿಯುವವರೆಗೂ ತೆಗೆಯಲಿಲ್ಲ.
ತೆಗೆದಾಗ ಬಿಸಿಯಿತ್ತು.
ಅದು ಅವಳದೇ ಬಿಸಿ.

ಡೈರಿಯಲ್ಲಿ ಕಾರಣದ ಕಾಲಮ್ಮಿಗೆ
ತಂತಿ ತುಂಡು ಎಂದು ಬರೆದೆ.

ಹನ್ನೊಂದನೇ ದಿನ ಎಲ್ಲಕ್ಕಿಂತ ಚಿಕ್ಕದು
ಒಂದೇ ಕಣ್ಣು ತೆರೆದು ನನ್ನನ್ನು ನೋಡಿತು.
ಅಂಗೈಯಲ್ಲಿ ಕೂತಿತ್ತು.
ಯಾವಾಗ ಈ ಕಡೆ ಬಂತೋ,
ಆ ಹೊತ್ತು ಬರೆದಿಟ್ಟಿಲ್ಲ.

ಈಗ ಐದೂ ಚಾಪೆ ತಿನ್ನುತ್ತಿವೆ.
ಫಿಲೋಮಿನಾಬಾಯಿ ಎರಡು ಬೇಕೆಂದು ಬಂದರು,
ಎತ್ತಿ, ತಿರುಗಿಸಿ, ಕೆಳಗೆ ನೋಡಿ ಕೇಳಿದರು:
ಎರಡೂ ಹೆಣ್ಣು ತಾನೇ?

ನಮ್ಮವ್ವನಾಣೆ, ಅಂದೆ,
ಗೊತ್ತಿಲ್ಲ.